ಸೋಲಿಲ್ಲದ ಹದಿನೈದು ಪಂದ್ಯಗಳು: ಎಲ್‌ಎಸ್‌ಯು ತಂಡದ 2019ರ ಋತುವಿನ ಪೂರ್ಣ ಪ್ರಸಾರಗಳ ವಿಮರ್ಶೆ

ಅಮೆರಿಕದ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡವು 2019ರ ಆಗಸ್ಟ್ 31ರಿಂದ 2020ರ ಜನವರಿ 13ರವರೆಗೆ ಆಡಿದ 15 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಕಾಲೇಜು ಫುಟ್‌ಬಾಲಿನ ರಾಷ್ಟ್ರೀಯ ಚಾಂಪಿಯನ್ ಆಯಿತು. ಎಲ್‌ಎಸ್‌ಯು ಎಂದೇ ಎಲ್ಲರೂ ಕರೆಯುವ ಈ ತಂಡದ ಆ ವರ್ಷದ ಪಂದ್ಯಗಳು ಇಂದಿನ ನೋಡುಗರಿಗೆ ಮೂರು ರೂಪಗಳಲ್ಲಿ ಸಿಗುತ್ತವೆ: ಕೆಲವೇ ನಿಮಿಷಗಳ ಹೈಲೈಟ್ಸ್, ಆಟದ ನಡುವಿನ ಬಿಡುವನ್ನೆಲ್ಲ ಕತ್ತರಿಸಿ ಚಿಕ್ಕದಾಗಿಸಿದ ಸಂಕ್ಷಿಪ್ತ ಆವೃತ್ತಿ, ಮತ್ತು ಟಿ.ವಿ.ಯಲ್ಲಿ ಬಂದಂತೆಯೇ ಇರುವ ಪೂರ್ಣ ಪ್ರಸಾರ. ಚಂದಾ ಕಟ್ಟಿ, ಪಂದ್ಯವೊಂದಕ್ಕೆ ಮೂರೂವರೆ ಗಂಟೆಯನ್ನು ಮೀಸಲಿಟ್ಟು, ಈ ಮೂರನೆಯದನ್ನೇ ನೋಡಬೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ನಿಸ್ಸಂದೇಹವಾಗಿ ಹೌದು. ಹೈಲೈಟ್ಸ್ ಮಾತ್ರ ನೋಡಿದವರಿಗೆ ಇದು ಎಡೆಬಿಡದೆ ಚೆಂಡೆಸೆದು ಎಡೆಬಿಡದೆ ಅಂಕ ಗಳಿಸಿದ ತಂಡವಾಗಿ ತೋರುತ್ತದೆ. ಪೂರ್ಣ ಪಂದ್ಯ ನೋಡಿದವರಿಗೆ ಮಾತ್ರ, ಈ ತಂಡ ಸೋಲಿನ ಎಷ್ಟು ಹತ್ತಿರಕ್ಕೆ ಹೋಗಿ ಮರಳಿತು, ಹಾಗೆ ಮರಳುವಾಗ ಯಾರು ಕೈಹಿಡಿದರು ಎಂಬುದು ಕಾಣುತ್ತದೆ.

ಈ ಆಟದ ಪರಿಚಯವೇ ಇಲ್ಲದವರು ಕೆಲವು ವಿಷಯಗಳನ್ನು ತಿಳಿದುಕೊಂಡರೆ ಸಾಕು. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ, ಒಂದೊಂದು ಅವಕಾಶಕ್ಕೂ ಡೌನ್ ಎಂದು ಹೆಸರು. ಸಾಗಿದರೆ ಮತ್ತೆ ನಾಲ್ಕು ದೊರೆಯುತ್ತವೆ, ಸಾಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದೇ ಟಚ್‌ಡೌನ್. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್, ಓಡಿಹೋಗಿ ಹಿಡಿಯುವವರು ರಿಸೀವರ್‌ಗಳು. ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಲ್ಲುವ ಐವರು ದೃಢಕಾಯರ ಹೆಸರು ನಿರೂಪಕರ ಬಾಯಲ್ಲಿ ಬರುವುದೇ ಅಪರೂಪ. ಗಡಿಯಾರದ ಲೆಕ್ಕದಲ್ಲಿ ಆಟ 60 ನಿಮಿಷದ್ದಾದರೂ, ಕೈತಪ್ಪಿದ ಪ್ರತಿ ಎಸೆತಕ್ಕೂ ಗಡಿಯಾರ ನಿಲ್ಲುವುದರಿಂದ ಪಂದ್ಯ ದೀರ್ಘವಾಗುತ್ತದೆ.

ಋತುವಿನ ಬೆಲೆ ತಿಳಿಯಬೇಕಾದರೆ ಅದರ ಹಿಂದಿನ ವರ್ಷಗಳನ್ನೂ ತುಸು ಅರಿತಿರಬೇಕು. ಎಲ್‌ಎಸ್‌ಯುಗೆ ಪ್ರತಿಭಾವಂತ ಆಟಗಾರರ ಕೊರತೆ ಎಂದೂ ಇರಲಿಲ್ಲ. ಆದರೆ ಚೆಂಡನ್ನು ಎಸೆಯುವುದಕ್ಕಿಂತ ಹೊತ್ತು ಓಡುವುದನ್ನೇ ನಂಬಿದ ಅದರ ಹಳೆಯ ಪದ್ಧತಿ, ಕಾಲ ಬದಲಾದರೂ ಬದಲಾಗಲಿಲ್ಲ. ಅಲಬಾಮ ತಂಡದ ಎದುರು ಅದು ಸತತ ಎಂಟು ಪಂದ್ಯ ಸೋತಿತ್ತು. 2018ರಲ್ಲಿ ಬ್ಯಾಟನ್ ರೂಜ್‌ನ ತನ್ನದೇ ಅಂಗಳದಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಜನ ಹಿಡಿಸುವ ಟೈಗರ್ ಸ್ಟೇಡಿಯಂನಲ್ಲಿ, ಒಂದೇ ಒಂದು ಅಂಕವನ್ನೂ ಗಳಿಸಲಾರದೆ 29-0 ಅಂತರದಲ್ಲಿ ಮಣಿದಿತ್ತು. ಲೂಸಿಯಾನದ ದಕ್ಷಿಣದ ಲಾರೋಸ್ ಎಂಬ ಊರಿನವರೇ ಆದ ಮುಖ್ಯ ತರಬೇತುದಾರ ಎಡ್ ಓರ್ಜರಾನ್ ಆಮೇಲೆ ಮಾಡಿದ ಕೆಲಸ ಎಲ್ಲಕ್ಕಿಂತ ದೊಡ್ಡದು. ವೃತ್ತಿಪರ ತಂಡವಾದ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನಲ್ಲಿ ಸಹಾಯಕನಾಗಿದ್ದ, ಇನ್ನೂ ಮೂವತ್ತು ತುಂಬದ ಜೋ ಬ್ರೇಡಿಯನ್ನು ಕರೆತಂದು, ವಯಸ್ಸಿನಲ್ಲೂ ಅನುಭವದಲ್ಲೂ ಹಿರಿಯರಾದ ಸ್ಟೀವ್ ಎನ್‌ಸ್ಮಿಂಗರ್ ಅವರ ಜೊತೆ ಕೂರಿಸಿ, ಆಕ್ರಮಣದ ಯೋಜನೆಯನ್ನು ಮೊದಲಿನಿಂದ ಬರೆಯುವ ಸ್ವಾತಂತ್ರ್ಯವನ್ನು ಇಬ್ಬರಿಗೂ ಕೊಟ್ಟರು. ಒಹಾಯೊ ಸ್ಟೇಟ್ ತಂಡದಲ್ಲಿ ಆಡಲು ಅವಕಾಶ ಸಿಗದೆ 2018ರಲ್ಲಿ ಇಲ್ಲಿಗೆ ಬಂದಿದ್ದ ಜೋ ಬರೋ, ಮೊದಲ ವರ್ಷ 16 ಟಚ್‌ಡೌನ್ ಎಸೆದ ಸಾಧಾರಣ ಕ್ವಾರ್ಟರ್‌ಬ್ಯಾಕ್ ಆಗಿದ್ದವನು, ಎರಡನೆಯ ವರ್ಷ 60 ಟಚ್‌ಡೌನ್ ಎಸೆದು 5,671 ಯಾರ್ಡ್ ಗಳಿಸಿದ. ನೂರು ಎಸೆತಗಳಲ್ಲಿ ಎಪ್ಪತ್ತಾರಕ್ಕೂ ಹೆಚ್ಚು ಸಹ ಆಟಗಾರರ ಕೈಸೇರಿದವು.

ಈ ಬದಲಾವಣೆ ಹೇಗಿತ್ತು ಎಂಬುದನ್ನು ಕಣ್ಣಾರೆ ಕಾಣಲು ಪೂರ್ಣ ಪ್ರಸಾರವೇ ಬೇಕು. ಐವರು ರಿಸೀವರ್‌ಗಳನ್ನು ಮೈದಾನದ ಅಗಲಕ್ಕೂ ಹರಡಿ ನಿಲ್ಲಿಸಿ, ಬರೋ ಒಬ್ಬನೇ ಹಿಂದೆ ನಿಂತು, ಎದುರಾಳಿಗಳು ನಿಂತ ಭಂಗಿಯನ್ನು ಓದಿಕೊಂಡು ಕೊನೆಯ ಗಳಿಗೆಯಲ್ಲಿ ಯೋಜನೆಯನ್ನು ಬದಲಿಸುವ ಆ ಹತ್ತು ಹದಿನೈದು ಸೆಕೆಂಡುಗಳೇ ಈ ತಂಡದ ಜೀವಾಳ. ಸಂಕ್ಷಿಪ್ತ ಆವೃತ್ತಿ ತಯಾರಿಸುವವರು ಕತ್ತರಿಸಿ ಎಸೆಯುವುದು ಸರಿಯಾಗಿ ಈ ಸೆಕೆಂಡುಗಳನ್ನೇ. ಬರೋ ಎದುರು ಪಾಳಯದ ಕಡೆ ಕೈತೋರಿಸುವುದು, ಒಬ್ಬ ರಿಸೀವರ್‌ನನ್ನು ಎರಡು ಹೆಜ್ಜೆ ಪಕ್ಕಕ್ಕೆ ಸರಿಸುವುದು, ಅದನ್ನು ಕಂಡು ಎದುರಾಳಿಯ ರಕ್ಷಕ ಗಲಿಬಿಲಿಗೊಂಡು ತನ್ನವರನ್ನು ಕೂಗಿ ಕರೆಯುವುದು, ಇಷ್ಟೆಲ್ಲ ನಡೆದ ಮೇಲೆ ಚೆಂಡು ಚಲಿಸುತ್ತದೆ. ಇದನ್ನು ಬಿಟ್ಟು ಎಸೆತವನ್ನಷ್ಟೇ ನೋಡಿದರೆ, ಫಲಿತಾಂಶ ತಿಳಿಯುತ್ತದೆಯೇ ಹೊರತು ಅದರ ಕಾರಣ ತಿಳಿಯುವುದಿಲ್ಲ.

ಪ್ರಸಾರದ ದೊಡ್ಡ ಕೊರತೆಯನ್ನೂ ಇಲ್ಲಿಯೇ ಹೇಳಬೇಕು. ಅಮೆರಿಕದ ಟಿ.ವಿ. ವಾಹಿನಿಗಳು ಆಟ ಶುರುವಾಗುತ್ತಲೇ ಕ್ಯಾಮೆರಾವನ್ನು ಕ್ವಾರ್ಟರ್‌ಬ್ಯಾಕ್‌ನ ಸುತ್ತ ಬಿಗಿಯಾಗಿ ಹಿಡಿಯುವುದರಿಂದ, ದೂರದಲ್ಲಿ ಜಮಾರ್ ಚೇಸ್ ಅಥವಾ ಜಸ್ಟಿನ್ ಜೆಫರ್ಸನ್ ತಮ್ಮ ಕಾವಲುಗಾರನನ್ನು ಹೇಗೆ ಹಿಂದಿಕ್ಕಿದರು ಎಂಬುದು ಚೆಂಡು ಗಾಳಿಗೆ ಏರುವವರೆಗೂ ಪರದೆಯ ಮೇಲೆ ಕಾಣುವುದೇ ಇಲ್ಲ. ಚೇಸ್ ಆ ವರ್ಷ 1,780 ಯಾರ್ಡ್ ಮತ್ತು 20 ಟಚ್‌ಡೌನ್ ಗಳಿಸಿ ದೇಶದ ಅತ್ಯುತ್ತಮ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿ ಪಡೆದ. ಜೆಫರ್ಸನ್ 111 ಬಾರಿ ಚೆಂಡು ಹಿಡಿದು 18 ಟಚ್‌ಡೌನ್ ಗಳಿಸಿದ. ಇಂಥ ಇಬ್ಬರ ಕಾಲ್ಚಳಕವನ್ನು ಕ್ಯಾಮೆರಾ ತನ್ನ ಚೌಕಟ್ಟಿನ ಹೊರಗೆ ಬಿಟ್ಟಿರುವುದು ನಿಜವಾದ ನಷ್ಟ. ಮರುಪ್ರಸಾರದ ತುಣುಕುಗಳು ಅದನ್ನು ಒಂದಿಷ್ಟು ತುಂಬಿಕೊಡುತ್ತವೆ, ಪೂರ್ತಿಯಾಗಿ ಅಲ್ಲ.

ಮೊದಲ ಪಂದ್ಯದಲ್ಲಿ ಜಾರ್ಜಿಯ ಸದರ್ನ್ ತಂಡದ ಮೇಲೆ 55-3ರ ಗೆಲುವು ಬಂದರೂ, ಹೊಸಬರು ನೋಡಲು ತೊಡಗಬೇಕಾದದ್ದು ಎರಡನೆಯ ಪಂದ್ಯದಿಂದ. ಸೆಪ್ಟೆಂಬರ್ 7ರ ರಾತ್ರಿ ಆಸ್ಟಿನ್‌ನಲ್ಲಿ ಟೆಕ್ಸಸ್ ತಂಡದ ಎದುರು ನಡೆದ ಈ ಪಂದ್ಯದ ಆರಂಭದಲ್ಲೇ ಎಲ್‌ಎಸ್‌ಯು ರಕ್ಷಕರು ಗೆರೆಯ ಹೊಸ್ತಿಲಲ್ಲಿ ಟೆಕ್ಸಸ್ಸನ್ನು ಎರಡು ಬಾರಿ ತಡೆದು ನಿಲ್ಲಿಸಿದರು. ಆ ಎರಡು ತಡೆಗಳು ಇಲ್ಲದಿದ್ದರೆ 45-38 ಎಂಬ ಕೊನೆಯ ಅಂತರಕ್ಕೆ ಅರ್ಥವೇ ಇರುತ್ತಿರಲಿಲ್ಲ. ಎಲ್ಲರ ನೆನಪಿನಲ್ಲಿ ಉಳಿದಿರುವ ಘಟನೆ ಬೇರೆ: ಪಂದ್ಯ ಮುಗಿಯಲು ಎರಡೂವರೆ ನಿಮಿಷದಷ್ಟು ಉಳಿದಿದ್ದಾಗ, ಮೂರನೆಯ ಡೌನ್‌ನಲ್ಲಿ 17 ಯಾರ್ಡ್ ಬೇಕಿದ್ದಾಗ, ಚೆಂಡನ್ನು ಹೊತ್ತು ಓಡಿ ಗಡಿಯಾರ ಸವೆಸುವ ಹಳೆಯ ಜಾಣತನವನ್ನು ಬದಿಗಿಟ್ಟು ಬರೋ ಎಸೆದ ಚೆಂಡನ್ನು ಹಿಡಿದ ಜೆಫರ್ಸನ್ 61 ಯಾರ್ಡ್ ಟಚ್‌ಡೌನ್‌ಗೆ ಓಡಿದ. ಹಿಂದಿನ ವರ್ಷದ ಎಲ್‌ಎಸ್‌ಯು ಅಂಥ ಹೊತ್ತಿನಲ್ಲಿ ಎಸೆಯುವ ಧೈರ್ಯ ಮಾಡುತ್ತಿತ್ತೆಂದು ನಾನು ನಂಬುವುದಿಲ್ಲ. ತರಬೇತುದಾರರು ತಮ್ಮ ಹೊಸ ಯೋಜನೆಯನ್ನು ಪೂರ್ಣವಾಗಿ ನಂಬಿದ್ದರು ಎಂಬುದಕ್ಕೆ ಈ ಒಂದು ಎಸೆತವೇ ಸಾಕ್ಷಿ.

ಅಕ್ಟೋಬರ್ 12ರಂದು ಫ್ಲಾರಿಡ ತಂಡವನ್ನು 42-28ರಿಂದ ಸೋಲಿಸಿದ ಪಂದ್ಯ ನೋಡಲು ಬಲು ಸೊಗಸು, ಅದರಲ್ಲಿ ಬರೋ ಎಸೆದ 24 ಚೆಂಡುಗಳಲ್ಲಿ 21 ಗುರಿ ಮುಟ್ಟಿದವು. ಆದರೆ ನನ್ನ ದೃಷ್ಟಿಯಲ್ಲಿ ಇಡೀ ಸಂಗ್ರಹದ ಅತ್ಯಮೂಲ್ಯ ಮುದ್ರಿಕೆ ಅದಲ್ಲ. ಎರಡು ವಾರಗಳ ನಂತರ, ಅಕ್ಟೋಬರ್ 26ರಂದು, ಆಬರ್ನ್ ತಂಡದ ಎದುರು 23-20ರಿಂದ ಗೆದ್ದ ಪಂದ್ಯ. ಹೈಲೈಟ್ಸ್ ಪಟ್ಟಿಗಳಲ್ಲಿ ಇದಕ್ಕೆ ಸಿಗುವ ಜಾಗ ಅತ್ಯಲ್ಪ, ಏಕೆಂದರೆ ಇದರಲ್ಲಿ ಬರೋ ಎಸೆದದ್ದು ಒಂದೇ ಟಚ್‌ಡೌನ್. ಆಬರ್ನ್‌ನ ತರಬೇತುದಾರರು ಎಲ್‌ಎಸ್‌ಯುವಿನ ಅಲ್ಲಿಯವರೆಗಿನ ಪಂದ್ಯಗಳನ್ನು ಚೆನ್ನಾಗಿ ಓದಿಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ಮೂವರನ್ನು ಮಾತ್ರ ನಿಲ್ಲಿಸಿ, ಉಳಿದ ಎಂಟು ಜನರನ್ನು ಹಿಂದಕ್ಕೆ ಕಳಿಸಿ, ಎಸೆತಕ್ಕೆ ಸಂದು ಸಿಗದಂತೆ ಮೈದಾನವನ್ನು ಮುಚ್ಚಿಬಿಟ್ಟರು. ಅರ್ಧ ಪಂದ್ಯ ಮುಗಿದಾಗ ಅಂಕ 10-10, ಎರಡನೆಯ ಅರ್ಧದಲ್ಲಿ ಆಬರ್ನ್ ಸ್ವಲ್ಪ ಹೊತ್ತು ಮುಂದೆಯೂ ಇತ್ತು.

ಆಗ ಎಲ್‌ಎಸ್‌ಯು ಹಠ ಹಿಡಿಯಲಿಲ್ಲ. ಎಸೆತಕ್ಕೆ ದಾರಿ ಮುಚ್ಚಿದ್ದರೆ ಓಟಕ್ಕೆ ದಾರಿ ತೆರೆದಿದೆ ಎಂದು ಕಂಡುಕೊಂಡು, ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಎಂಬ ಗಿಡ್ಡ ಮೈಕಟ್ಟಿನ ಓಟಗಾರನ ಕೈಗೆ ಚೆಂಡು ಕೊಟ್ಟಿತು. ಮೊದಲ ಹೊಡೆತಕ್ಕೆ ಅವನು ಬೀಳುವುದೇ ಇಲ್ಲ. ಆ ದಿನ 136 ಯಾರ್ಡ್ ಓಡಿದ. ಪೂರ್ಣ ಪ್ರಸಾರದಲ್ಲಿ ಆ ಎರಡನೆಯ ಅರ್ಧವನ್ನು ನೋಡುವಾಗ ಕಣ್ಣನ್ನು ಚೆಂಡಿನಿಂದ ತೆಗೆದು ಮುಂದಿನ ಸಾಲಿನ ಐವರ ಮೇಲೆ ಇಡಬೇಕು. ಆಬರ್ನ್‌ನ ಮೂವರಲ್ಲಿ ಒಬ್ಬನಾದ ಡೆರಿಕ್ ಬ್ರೌನ್ ಮುಂದೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ ಮೊದಲ ಹತ್ತರೊಳಗೆ ಬಂದ ಆಟಗಾರ, ಅವನನ್ನು ತಳ್ಳಿ ಹಾದಿ ಮಾಡುವುದು ಸಾಮಾನ್ಯದ ಕೆಲಸವಲ್ಲ. ದೇಶದ ಅತ್ಯುತ್ತಮ ಮುಂಚೂಣಿ ಸಾಲಿಗೆ ಕೊಡುವ ಜೋ ಮೂರ್ ಪ್ರಶಸ್ತಿ ಆ ವರ್ಷ ಎಲ್‌ಎಸ್‌ಯುವಿನ ಐವರಿಗೆ ಏಕೆ ಬಂತೆಂಬುದು ನನಗೆ ಮನದಟ್ಟಾದದ್ದು ಈ ಪಂದ್ಯದಿಂದ. ಋತುವಿನ ಉಳಿದ 14 ಪಂದ್ಯಗಳಲ್ಲಿ ತಂಡ 36ಕ್ಕಿಂತ ಕಡಿಮೆ ಅಂಕ ಗಳಿಸಲೇ ಇಲ್ಲ. ಕಡಿಮೆ ಗಳಿಸಿದ ಒಂದೇ ದಿನವೂ ಗೆದ್ದಿತು, ಆದ್ದರಿಂದಲೇ ಅಜೇಯವಾಗಿ ಉಳಿಯಿತು.

ನವೆಂಬರ್ 9ರಂದು ಟಸ್ಕಲೂಸದಲ್ಲಿ ಅಲಬಾಮವನ್ನು 46-41ರಿಂದ ಸೋಲಿಸಿದ ಪಂದ್ಯದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಅದಕ್ಕೆ ಅದು ಅರ್ಹವೂ ಹೌದು. ಸಿಬಿಎಸ್ ವಾಹಿನಿಗಾಗಿ ಬ್ರ್ಯಾಡ್ ನೆಸ್ಲರ್ ಮತ್ತು ಗ್ಯಾರಿ ಡೇನಿಯಲ್ಸನ್ ಕೊಟ್ಟ ವಿವರಣೆ ಇಲ್ಲಿ ನೋಡುಗನಿಗೆ ನಿಜವಾಗಿ ನೆರವಾಗುತ್ತದೆ. ಡೇನಿಯಲ್ಸನ್ ಸ್ವತಃ ಕ್ವಾರ್ಟರ್‌ಬ್ಯಾಕ್ ಆಗಿದ್ದವರಾದ್ದರಿಂದ ಎಸೆತದ ಹಿಂದಿನ ಯೋಚನೆಯನ್ನು ಬಿಡಿಸಿ ಹೇಳಬಲ್ಲರು. ಮೊದಲ ಅರ್ಧದ ಕೊನೆಯ ಕ್ಷಣಗಳನ್ನು ಎಷ್ಟು ಸಲ ನೋಡಿದರೂ ಸಾಲದು. ಎಡ್ವರ್ಡ್ಸ್-ಹೆಲೇರ್ ಒಂದು ಟಚ್‌ಡೌನ್ ಗಳಿಸಿದ ಬೆನ್ನಲ್ಲೇ ಪ್ಯಾಟ್ರಿಕ್ ಕ್ವೀನ್ ಅಲಬಾಮದ ಎಸೆತವನ್ನು ನಡುವೆ ಹಿಡಿದ, ಮರುಗಳಿಗೆಯಲ್ಲೇ ಬರೋ ಮತ್ತೊಂದು ಟಚ್‌ಡೌನ್ ಎಸೆದ, ಅಂಕ 33-13 ಆಯಿತು. ಅಲ್ಲಿಗೆ ಪಂದ್ಯ ಮುಗಿಯಿತೆಂದು ಭಾವಿಸಿ ವೀಡಿಯೊ ನಿಲ್ಲಿಸುವವರು ದೊಡ್ಡದನ್ನೇ ಕಳೆದುಕೊಳ್ಳುತ್ತಾರೆ. ಕಾಲಿನ ಹರಡಿಗೆ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳಾಗಿದ್ದ ಅಲಬಾಮದ ಟುವಾ ಟಾಗೊವೈಲೊವಾ 418 ಯಾರ್ಡ್ ಎಸೆದು ತನ್ನ ತಂಡವನ್ನು ಮತ್ತೆ ಮತ್ತೆ ಹತ್ತಿರಕ್ಕೆ ತಂದ, ಎಲ್‌ಎಸ್‌ಯು ಪ್ರತಿ ಬಾರಿಯೂ ಉತ್ತರ ಕೊಟ್ಟಿತು. ಕೊನೆಯ ಕಾಲು ಭಾಗದಲ್ಲಿ ನಾಲ್ವರು ಮೇಲೆ ಬಿದ್ದರೂ ಮುಂದಕ್ಕೇ ಸಾಗುವ ಎಡ್ವರ್ಡ್ಸ್-ಹೆಲೇರ್‌ನ ಓಟಗಳಲ್ಲಿ ಎಂಟು ಸೋಲುಗಳ ಭಾರವೆಲ್ಲ ಇಳಿಯುವುದು ಕಾಣುತ್ತದೆ.

ಮರುವಾರದ ಓಲ್ ಮಿಸ್ (ಮಿಸಿಸಿಪಿ ವಿಶ್ವವಿದ್ಯಾಲಯದ ತಂಡ) ಪಂದ್ಯವನ್ನು ತಂಡದ ಅಭಿಮಾನಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಆದರೆ ಬಿಡಬಾರದು. 58-37ರಿಂದ ಗೆದ್ದರೂ, ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಒಬ್ಬನೇ 212 ಯಾರ್ಡ್ ಓಡಿ ನಾಲ್ಕು ಟಚ್‌ಡೌನ್ ಗಳಿಸಿದ ಆ ರಾತ್ರಿ ಎಲ್‌ಎಸ್‌ಯು ರಕ್ಷಣೆಯ ದೌರ್ಬಲ್ಯ ಬಯಲಾಯಿತು. ರಕ್ಷಣೆಯ ಹೊಣೆ ಹೊತ್ತಿದ್ದ ಡೇವ್ ಅರಾಂಡ ಅದಾದ ಮೇಲೆ ತಂಡವನ್ನು ತಿದ್ದಿದ ಬಗೆಯನ್ನು ಮುಂದಿನ ಮೂರು ಪಂದ್ಯಗಳ ಅಂಕಗಳೇ ಹೇಳುತ್ತವೆ: ಅರ್ಕನ್ಸಾಸ್ ಗಳಿಸಿದ್ದು 20, ಟೆಕ್ಸಸ್ ಎ ಆ್ಯಂಡ್ ಎಂ 7, ಜಾರ್ಜಿಯ 10. ಹಿಂದಿನ ವರ್ಷ ಇದೇ ಎ ಆ್ಯಂಡ್ ಎಂ ತಂಡ ಏಳು ಹೆಚ್ಚುವರಿ ಅವಧಿಗಳವರೆಗೆ ಎಳೆದಾಡಿ 74-72ರಿಂದ ಎಲ್‌ಎಸ್‌ಯುವನ್ನು ಸೋಲಿಸಿತ್ತು, ಆದ್ದರಿಂದ 50-7ರ ಗೆಲುವು ಬ್ಯಾಟನ್ ರೂಜ್‌ನ ಜನರಿಗೆ ಎಷ್ಟು ಹಿತವಾಗಿತ್ತೆಂಬುದು ಮುದ್ರಿಕೆಯಲ್ಲಿ ಕೇಳುವ ಆ ಸದ್ದಿನಲ್ಲೇ ಇದೆ. ಜಾರ್ಜಿಯ ಎದುರಿನ 37-10ರ ಪಂದ್ಯದಲ್ಲಿ, ಆಗಿನ್ನೂ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದ ಡೆರೆಕ್ ಸ್ಟಿಂಗ್ಲಿ ಜೂನಿಯರ್ ಎರಡು ಎಸೆತಗಳನ್ನು ನಡುವೆ ಹಿಡಿದ. ಇಬ್ಬರು ಬೆನ್ನಟ್ಟುತ್ತಿದ್ದಾಗ ಬರೋ ಗಿರಕಿ ಹೊಡೆದು ತಪ್ಪಿಸಿಕೊಂಡು ಜೆಫರ್ಸನ್‌ಗೆ ಎಸೆದು 71 ಯಾರ್ಡ್ ಗಳಿಸಿದ್ದೂ ಆ ದಿನವೇ.

ರಾಷ್ಟ್ರೀಯ ಚಾಂಪಿಯನ್ ಪಟ್ಟದ ಸೆಮಿಫೈನಲ್ ಆಗಿದ್ದ ಡಿಸೆಂಬರ್ 28ರ ಪೀಚ್ ಬೌಲ್ ಪಂದ್ಯವನ್ನು ಬೇರೆ ಮನಸ್ಸಿನಿಂದ ನೋಡಬೇಕು. ಆ ದಿನ ಬೆಳಗ್ಗೆ ಲೂಸಿಯಾನದಲ್ಲಿ ನಡೆದ ವಿಮಾನ ಅಪಘಾತದಲ್ಲಿ ಎನ್‌ಸ್ಮಿಂಗರ್ ಅವರ ಸೊಸೆ ತೀರಿಕೊಂಡಿದ್ದರು. ಅವರು ಮೈದಾನಕ್ಕೆ ಬಂದರು, ತಮ್ಮ ಕೆಲಸ ಮಾಡಿದರು. ಬರೋ ಮೊದಲ ಅರ್ಧದಲ್ಲೇ ಏಳು ಟಚ್‌ಡೌನ್ ಎಸೆದ, ಓಕ್ಲಹೋಮ 63-28ರಿಂದ ಸೋತಿತು. ಏಕಪಕ್ಷೀಯವಾದ ಪಂದ್ಯ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಎನ್‌ಸ್ಮಿಂಗರ್ ಅವರನ್ನು ಕ್ಯಾಮೆರಾ ತೋರಿಸುವ ಕೆಲವು ಕ್ಷಣಗಳನ್ನು ಕಂಡವರು ಹಾಗೆ ತಳ್ಳಿಹಾಕಲಾರರು.

ಅಂತಿಮ ಪಂದ್ಯ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ನಡೆಯಿತು. ಎದುರಾಳಿಯಾದ ಕ್ಲೆಮ್ಸನ್ ಸತತ 29 ಪಂದ್ಯ ಗೆದ್ದು ಬಂದ ಹಾಲಿ ಚಾಂಪಿಯನ್. ಹೈಲೈಟ್ಸ್ ನೋಡಿದರೆ 42-25 ಸುಲಭದ ಗೆಲುವಿನಂತೆ ಕಾಣುತ್ತದೆ, ಆದರೆ ಪೂರ್ಣ ಪ್ರಸಾರದ ಮೊದಲ ಮುಕ್ಕಾಲು ಗಂಟೆ ಎಲ್‌ಎಸ್‌ಯು ಅಭಿಮಾನಿಗಳಿಗೆ ಸಂಕಟದ ಹೊತ್ತು. ಕ್ಲೆಮ್ಸನ್‌ನ ಒದೆತಗಳು ಚೆಂಡನ್ನು ಮತ್ತೆ ಮತ್ತೆ ಎಲ್‌ಎಸ್‌ಯುವಿನ ಗೆರೆಯ ಹತ್ತಿರವೇ ಬೀಳಿಸುತ್ತಿದ್ದವು, ಬರೋಗೆ ಉಸಿರಾಡಲು ಜಾಗವಿರಲಿಲ್ಲ, ಎರಡನೆಯ ಕಾಲು ಭಾಗದಲ್ಲಿ ಅಂಕ 17-7ಕ್ಕೆ ಹೋಯಿತು. ಕ್ಲೆಮ್ಸನ್ ರಕ್ಷಕರು ಎಲ್ಲಿಂದ ನುಗ್ಗುತ್ತಾರೆ ಎಂಬುದನ್ನು ಬರೋ ಮತ್ತು ಅವನ ತರಬೇತುದಾರರು ಆ ಹೊತ್ತಿನಲ್ಲಿ ನಿಧಾನವಾಗಿ ಕಲಿತುಕೊಳ್ಳುವುದನ್ನು ಗಮನಿಸಬೇಕು. ಕಲಿತ ಮೇಲೆ 21 ಅಂಕ ಒಂದರ ಹಿಂದೆ ಒಂದು ಬಂದವು. ಬಿಡುವಿಗೆ ಕೆಲವೇ ಸೆಕೆಂಡು ಇರುವಾಗ ಥಡಿಯಸ್ ಮಾಸ್ ಟಚ್‌ಡೌನ್ ಹಿಡಿದ ಆ 95 ಯಾರ್ಡ್‌ಗಳ ಪಯಣ, ನನ್ನ ಮಟ್ಟಿಗೆ, ಋತುವಿನ ಶ್ರೇಷ್ಠ ಆಟ. ಮೂರನೆಯ ಕಾಲು ಭಾಗದಲ್ಲಿ ಅಂಕ 28-25ಕ್ಕೆ ಇಳಿದಾಗಲೂ ಯಾರ ಮುಖದಲ್ಲೂ ಗಾಬರಿಯಿಲ್ಲ. ಚೇಸ್ ಆ ರಾತ್ರಿ 221 ಯಾರ್ಡ್ ಗಳಿಸಿದ, ಬರೋ ಐದು ಟಚ್‌ಡೌನ್ ಎಸೆದು ಒಂದನ್ನು ತಾನೇ ಓಡಿ ಗಳಿಸಿದ. ಇಎಸ್‌ಪಿಎನ್‌ನ ಕ್ರಿಸ್ ಫೌಲರ್ ಮತ್ತು ಕರ್ಕ್ ಹರ್ಬ್‌ಸ್ಟ್ರೀಟ್ ಅವರ ವಿವರಣೆ ಸಂಯಮದಿಂದ ಕೂಡಿದೆ, ಆಟ ತಾನೇ ಮಾತಾಡುವಾಗ ಅವರು ಸುಮ್ಮನಿರಬಲ್ಲರು.

15 ಪಂದ್ಯಗಳಲ್ಲಿ ಒಟ್ಟು 726 ಅಂಕ, ಆಡುವ ಹೊತ್ತಿಗೆ ದೇಶದ ಮೊದಲ ಹತ್ತರಲ್ಲಿದ್ದ ಏಳು ತಂಡಗಳ ಮೇಲೆ ಗೆಲುವು, ಆಮೇಲೆ ವೃತ್ತಿಪರ ಆಯ್ಕೆಯಲ್ಲಿ 14 ಆಟಗಾರರಿಗೆ ಸ್ಥಾನ, ಅದರಲ್ಲಿ ಬರೋಗೆ ಮೊದಲನೆಯ ಸ್ಥಾನ. ಮರುವರ್ಷ ಇದೇ ಎಲ್‌ಎಸ್‌ಯು ಐದು ಗೆದ್ದು ಐದು ಸೋತಿತು. ಬ್ರೇಡಿ ಮತ್ತು ಅರಾಂಡ ಬೇರೆಡೆಗೆ ಹೋಗಿದ್ದರು, ಆಟಗಾರರು ಚದುರಿದ್ದರು. ಮತ್ತೆ ಕೂಡದ ಗುಂಪು ಅದು, ಈ ಮುದ್ರಿಕೆಗಳ ಮೇಲೆ ನನಗಿರುವ ಮಮತೆಗೆ ಅದೂ ಒಂದು ಕಾರಣ.

ಇನ್ನು ಸೇವೆಯ ವಿಷಯ. ಮೂಲ ಪ್ರಸಾರದ ಹಕ್ಕು ಬೇರೆ ಬೇರೆ ವಾಹಿನಿಗಳಲ್ಲಿ ಹಂಚಿಹೋಗಿದ್ದುದರಿಂದ ಹದಿನೈದೂ ಪಂದ್ಯ ಒಂದೇ ಕಡೆ, ಒಂದೇ ಗುಣಮಟ್ಟದಲ್ಲಿ ಸಿಗುವುದು ಕಷ್ಟ. ನಾನು ಬಳಸಿದ ಒಂದು ಸೇವೆಯಲ್ಲಿ ಪಟ್ಟಿಯ ಶೀರ್ಷಿಕೆಯಲ್ಲೇ ಅಂತಿಮ ಅಂಕವನ್ನು ಬರೆದಿದ್ದರು. ಫಲಿತಾಂಶ ತಿಳಿಯದೆ ನೋಡಬಯಸುವವರಿಗೆ ಇದು ಅನ್ಯಾಯ. ಯಂತ್ರವೇ ಮಾಡಿದ ಇಂಗ್ಲಿಷ್ ಅಡಿಬರಹಗಳು ಆಟಗಾರರ ಹೆಸರನ್ನು ವಿಪರೀತ ತಪ್ಪಾಗಿ ತೋರಿಸುವುದರಿಂದ ಅವನ್ನು ನಿಲ್ಲಿಸಿ ನೋಡುವುದೇ ಮೇಲು. ಕರ್ನಾಟಕದಲ್ಲಿರುವವರಿಗೆ ನೇರ ಪ್ರಸಾರಕ್ಕಿಂತ ಮುದ್ರಿಕೆಯೇ ಅನುಕೂಲ, ಏಕೆಂದರೆ ಅಲ್ಲಿಯ ಸಂಜೆಯ ಪಂದ್ಯ ಇಲ್ಲಿ ನಸುಕಿನಲ್ಲಿ ಶುರುವಾಗುತ್ತದೆ. 2020ರ ಅಂತಿಮ ಪಂದ್ಯ ಭಾರತದಲ್ಲಿ ಸಂಕ್ರಾಂತಿಯ ಹಿಂದಿನ ದಿನದ ಬೆಳಗ್ಗೆ ನಡೆಯಿತು. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯನ್ನು ಬರೋ ಸ್ವೀಕರಿಸುತ್ತ ತನ್ನ ಊರಿನ ಸುತ್ತಮುತ್ತ ಹಸಿದು ಶಾಲೆಯಿಂದ ಮರಳುವ ಮಕ್ಕಳ ಬಗ್ಗೆ ಆಡಿದ ಮಾತು ಪಂದ್ಯಗಳ ಸಂಗ್ರಹದಲ್ಲಿ ಇರುವುದಿಲ್ಲ, ಅದನ್ನು ಬೇರೆಯಾಗಿ ಹುಡುಕಿ ನೋಡಬೇಕು. ಆ ಮಾತಿನ ಬಲದಿಂದ ಒಹಾಯೊದ ಆಥೆನ್ಸ್ ಕೌಂಟಿಯ ಆಹಾರ ಭಂಡಾರಕ್ಕೆ ಐದು ಲಕ್ಷ ಡಾಲರ್ ಮೀರಿ ಹಣ ಹರಿದುಬಂತು.

ಒಂದೇ ತಿಂಗಳ ಚಂದಾ ಕಟ್ಟುವವರು ಟೆಕ್ಸಸ್, ಆಬರ್ನ್, ಅಲಬಾಮ, ಓಲ್ ಮಿಸ್, ಕ್ಲೆಮ್ಸನ್ ಪಂದ್ಯಗಳನ್ನು ಇದೇ ಕ್ರಮದಲ್ಲಿ ಪೂರ್ತಿಯಾಗಿ ನೋಡಲಿ, ಜಾರ್ಜಿಯ ಮತ್ತು ಫ್ಲಾರಿಡ ಪಂದ್ಯಗಳಿಗೆ ಸಂಕ್ಷಿಪ್ತ ಆವೃತ್ತಿ ನಡೆಯುತ್ತದೆ. ನಾರ್ತ್‌ವೆಸ್ಟರ್ನ್ ಸ್ಟೇಟ್ ಮತ್ತು ಯೂಟಾ ಸ್ಟೇಟ್ ಪಂದ್ಯಗಳನ್ನು ಬಿಟ್ಟರೂ ನಷ್ಟವಿಲ್ಲ. ವ್ಯಾಂಡರ್‌ಬಿಲ್ಟ್ ಎದುರಿನ ಪಂದ್ಯದಲ್ಲಿ ಮಾತ್ರ, ಚೇಸ್ ನಾಲ್ಕು ಟಚ್‌ಡೌನ್ ಗಳಿಸಿದ ದಿನವಾದ್ದರಿಂದ, ಮೊದಲ ಅರ್ಧವನ್ನಾದರೂ ನೋಡುವುದು ಒಳ್ಳೆಯದು.